ಊರಲ್ಲಿಲ್ಲದವರ ಮೇಲೆ ತೀರ್ಪು

ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ಯೇಸುವಿನ ಕೊನೆಯ ದಿನಗಳನ್ನು ಆಡಿ ತೋರಿಸುವ ನಾಟಕಕ್ಕೆ ಹಲವು ತಲೆಮಾರುಗಳ ಹಿನ್ನೆಲೆಯಿದೆ. ಶುಭ ಶುಕ್ರವಾರದ ಹೊತ್ತಿಗೆ ಸುತ್ತಲ ಹಳ್ಳಿಯವರು, ಬೆಂಗಳೂರಿನ ನೆಂಟರು, ಕ್ರೈಸ್ತರಲ್ಲದವರೂ ಬಂದು ಸೇರುತ್ತಾರೆ. ಊರವರೇ ಪಿಲಾತ, ಊರವರೇ ಯೂದ, ಊರವರೇ ಕಾಯಫ. ಕತೆಯ ತುಂಬ ಯಹೂದಿಗಳೇ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ಸುತ್ತಿದರೂ ಯಹೂದಿಗಳ ಪ್ರಾರ್ಥನಾಮಂದಿರ, ಅಂದರೆ ಸಿನಗಾಗ್, ಒಂದೂ ಕಣ್ಣಿಗೆ ಬೀಳುವುದಿಲ್ಲ. ನೋಡಲೇಬೇಕೆಂದರೆ ಕೊಚ್ಚಿಗೆ ಹೋಗಬೇಕು, 1568ರಲ್ಲಿ ಕಟ್ಟಿದ್ದು ಅಲ್ಲಿದೆ. ಹೀಗಾಗಿ ನಮ್ಮ ಸೀಮೆಯಲ್ಲಿ ಯಹೂದಿಗಳ ಬಗ್ಗೆ ಏನು ಹೇಳಿದರೂ ಎದ್ದು ನಿಂತು ‘ಹಾಗಲ್ಲ ಸ್ವಾಮಿ’ ಎನ್ನುವವರೇ ಇಲ್ಲ.

ಹೇಳುವುದಾದರೂ ಏನು? ಎರಡು ಮಾತು ಎಲ್ಲರ ಬಾಯಲ್ಲೂ ಇವೆ. ಒಂದು, ಪ್ರವಾದಿಗಳು ಹಗಲಿನಷ್ಟು ಸ್ಪಷ್ಟವಾಗಿ ಮೊದಲೇ ಬರೆದಿಟ್ಟಿದ್ದರೂ ಯಹೂದಿಗಳು ತಮ್ಮ ಮೆಸ್ಸೀಯನನ್ನು ಗುರುತಿಸದೇ ಹೋದರು. ಹಟ, ಇಲ್ಲವೇ ಕುರುಡು. ಎರಡು, ಅವರ ಧರ್ಮಶಾಸ್ತ್ರ ಒಣ ಕಟ್ಟಳೆಗಳ ಮೂಟೆ, ಯೇಸು ಅದನ್ನು ಇಳಿಸಿ ಪ್ರೀತಿ ಕೊಟ್ಟ. ಮೊದಲನೆಯದು ಗುಡಿಯ ಪ್ರಬೋಧನೆಯಲ್ಲಿ ಹೆಚ್ಚು. ಎರಡನೆಯದನ್ನು ದೇವರನ್ನು ನಂಬದ ಪ್ರಗತಿಪರ ಕನ್ನಡ ಲೇಖಕರೂ ಧಾರಾಳವಾಗಿ ಆಡುತ್ತಾರೆ. ಎರಡೂ ತಪ್ಪು, ಅದರಲ್ಲೂ ಎರಡನೆಯದು ಹೆಚ್ಚು ತಪ್ಪು ಎನ್ನುವುದು ನನ್ನ ವಾದ.

ಪ್ರವಾದನೆಯಿಂದ ಶುರು ಮಾಡೋಣ. ಮತ್ತಾಯ ತನ್ನ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ, ಕೂಸು ಯೇಸುವನ್ನು ಈಜಿಪ್ಟಿಗೆ ಕರೆದೊಯ್ದು ವಾಪಸ್ ತಂದದ್ದು ಪ್ರವಾದಿಯ ಮಾತು ನೆರವೇರಲೆಂದೇ ಎನ್ನುತ್ತಾನೆ. ಆ ಮಾತು ಹೋಶೇಯನದು, 11ನೇ ಅಧ್ಯಾಯದ ಮೊದಲ ವಾಕ್ಯ. ತೆರೆದು ಓದಿದರೆ ಅದು ಮುಂದಾಗುವುದರ ಸುದ್ದಿಯೇ ಅಲ್ಲ. ದೇವರು ಇಸ್ರೇಲ್ ಜನಾಂಗವನ್ನು ಮಗನೆಂದು ಕರೆದು, ಹಿಂದೆ ಈಜಿಪ್ಟಿನಿಂದ ಬಿಡಿಸಿ ತಂದದ್ದನ್ನು ನೆನೆದು ಕೊರಗುತ್ತಿದ್ದಾನೆ. ಮುಂದಿನ ವಾಕ್ಯವೇ ಆ ಮಗ ಬೇರೆ ದೇವರುಗಳಿಗೆ ಧೂಪ ಹಾಕಿದ ಎಂಬ ದೂರು. ಇದನ್ನು ಓದಿದ ಯಹೂದಿಗೆ ಇಲ್ಲಿ ಮೆಸ್ಸೀಯ ಕಾಣದಿದ್ದರೆ ಅವನ ಕಣ್ಣು ಸರಿಯಾಗಿಯೇ ಇದೆ.

ಇನ್ನೊಂದು ಇನ್ನೂ ಸೊಗಸಾಗಿದೆ. ಅರಸ ಕತ್ತೆಯ ಮೇಲೆ ಬರುತ್ತಾನೆಂದು ಪ್ರವಾದಿ ಜೆಕರ್ಯ ಹಾಡಿದ. ಹೀಬ್ರೂ ಕವಿತೆಯ ರೂಢಿಯಂತೆ ಒಂದೇ ಪ್ರಾಣಿಯನ್ನು ಎರಡು ಸಲ, ಕತ್ತೆ ಎಂದೂ ಕತ್ತೆಮರಿ ಎಂದೂ ಹೇಳಿದ. ಮಾರ್ಕನ ಕತೆಯಲ್ಲಿ ಯೇಸು ಜೆರುಸಲೇಮಿಗೆ ಬರುವುದು ಒಂದೇ ಮರಿಯ ಮೇಲೆ. ಮತ್ತಾಯನಲ್ಲಿ ಮಾತ್ರ ಶಿಷ್ಯರು ತಾಯಿ ಮರಿ ಎರಡನ್ನೂ ಹಿಡಿದು ತಂದು, ಎರಡರ ಮೇಲೂ ಬಟ್ಟೆ ಹಾಸುತ್ತಾರೆ. ಇದನ್ನು ನಾಟಕವಾಗಿ ಆಡಿಸುವವರು ಮಾರ್ಕನನ್ನು ನಂಬುವುದೇ ಕ್ಷೇಮ. ಶುಭಸಂದೇಶಕಾರ ಕಣ್ಣಾರೆ ಕಂಡದ್ದನ್ನು ಗ್ರಂಥದ ಜೊತೆ ತಾಳೆ ನೋಡುತ್ತಿಲ್ಲ, ಗ್ರಂಥವನ್ನು ಮುಂದಿಟ್ಟುಕೊಂಡು ಕಂಡದ್ದನ್ನು ಬರೆಯುತ್ತಿದ್ದಾನೆ. ಮೊದಲು ನಂಬಿಕೆ ಬಂತು, ಆಮೇಲೆ ಹಳೆ ಒಡಂಬಡಿಕೆಯ ತುಂಬ ಯೇಸುವಿನ ಮುಖವೇ ಕಾಣತೊಡಗಿತು.

ಹಾಗಾದರೆ ಮತ್ತಾಯ ಮೋಸ ಮಾಡಿದನೇ? ಇಲ್ಲ. ಆ ಕಾಲದ ಯಹೂದಿಗಳು ಓದುತ್ತಿದ್ದದ್ದೇ ಹಾಗೆ. 1947ರಿಂದಾಚೆ ಮೃತ ಸಮುದ್ರದ ಗವಿಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಹಬಕ್ಕೂಕ ಪ್ರವಾದಿಗೆ ಬರೆದ ಟೀಕೆಯೊಂದಿದೆ. ಶತಮಾನಗಳ ಹಿಂದಿನ ಪ್ರವಾದಿ ಆಡಿದ ಪ್ರತಿ ಮಾತೂ ತಮ್ಮ ಪಂಗಡಕ್ಕೆ, ತಮ್ಮ ಗುರುವಿಗೆ, ತಮ್ಮ ಶತ್ರುವಿಗೇ ಅನ್ವಯ ಎಂದು ಆ ಟೀಕೆ ಬಿಡಿಸುತ್ತ ಹೋಗುತ್ತದೆ. ಮತ್ತಾಯ ಮಾಡಿದ್ದೂ ಅದನ್ನೇ. ಅಂದರೆ ಇದು ಒಂದೇ ಮನೆಯ ದಾಯಾದಿಗಳ ಜಗಳ. ದಾಯಾದಿಗಳ ಜಗಳದಲ್ಲಿ ಒಬ್ಬನ ಮಾತನ್ನಷ್ಟೇ ಕೇಳಿ ನ್ಯಾಯ ಹೇಳಿದ ಪಂಚಾಯಿತಿ ನಮ್ಮದು.

ಯಹೂದಿಯ ‘ಇಲ್ಲ’ದ ಹಿಂದೆ ಒಂದು ಅಳತೆಗೋಲಿದೆ. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡಿಸ್ ತನ್ನ ಶಾಸ್ತ್ರಗ್ರಂಥ ಮಿಶ್ನೆ ತೋರಾದಲ್ಲಿ ಅದನ್ನು ಯಾವ ಅಲಂಕಾರವೂ ಇಲ್ಲದೆ ಬರೆದಿದ್ದಾನೆ: ದಾವೀದನ ವಂಶದ ಅರಸ, ಧರ್ಮಶಾಸ್ತ್ರ ಓದಿ ನಡೆಸಬೇಕು, ದೇವಾಲಯ ಮತ್ತೆ ಕಟ್ಟಬೇಕು, ಚದುರಿದ ಜನರನ್ನು ಕೂಡಿಸಬೇಕು. ಕೈಗೂಡಿದರೆ ಅವನೇ ಮೆಸ್ಸೀಯ. ಕೈಗೂಡದೆ ಸತ್ತರೆ ಅವನು ಅಲ್ಲ, ಅಷ್ಟೇ. ಪವಾಡ ತೋರಿಸಬೇಕೆಂದೂ ಕೇಳುವುದಿಲ್ಲ. ಈ ಬಗೆಯ ಕೇಳಿಕೆ ನಮಗೇನೂ ಹೊಸದಲ್ಲ. ಮಂಟೇಸ್ವಾಮಿ, ಸಿದ್ದಪ್ಪಾಜಿಯ ಒಕ್ಕಲು ಈ ಸೀಮೆಯಲ್ಲೆಲ್ಲ ಇದ್ದಾರೆ. ಕಾಲಜ್ಞಾನದ ಮಾತು, ವೀರ ವಸಂತರಾಯ ಬಂದು ಕಲ್ಯಾಣ ಕಟ್ಟಿ ಆಳುತ್ತಾನೆಂಬ ನಿರೀಕ್ಷೆ ಹಳೆಯ ಮೈಸೂರಿನ ಹಿರಿಯರಿಗೆ ಗೊತ್ತು. ನಾಳೆ ಯಾರೋ ಬಂದು ‘ವಸಂತರಾಯ ಆಗಲೇ ಬಂದು ಹೋದ, ನಿಮಗೆ ತಿಳಿಯಲಿಲ್ಲ’ ಎಂದರೆ ಅಜ್ಜ ಏನು ಕೇಳಿಯಾನು? ಕಲ್ಯಾಣ ಎಲ್ಲಿ ಕಟ್ಟಿದನಪ್ಪ, ಎಂದಾನು. ಯಹೂದಿ ಕೇಳುವುದೂ ಅಷ್ಟೇ: ಪ್ರವಾದಿಗಳು ಹೇಳಿದಂತೆ ಕತ್ತಿಗಳು ನೇಗಿಲಾದವೇ? ಮೊದಲ ಸಲ ಪಾಡುಪಡಲು ಬಂದ, ಎರಡನೇ ಸಲ ಆಳಲು ಬರುತ್ತಾನೆ ಎಂಬುದು ಕ್ರೈಸ್ತರ ಉತ್ತರ. ನಂಬುವವರಿಗೆ ಆ ಉತ್ತರ ಸಾಕು. ಆದರೆ ಅದನ್ನು ಒಪ್ಪದವನನ್ನು ಹಟಮಾರಿ ಎನ್ನುವ ಹಕ್ಕು ಅದರಿಂದ ಬರುವುದಿಲ್ಲ.

ಯಹೂದಿಗಳ ಕಡೆಯೂ ಎಲ್ಲ ನೆಟ್ಟಗಿಲ್ಲವೆನ್ನಿ. ಯೆಶಾಯನ 53ನೇ ಅಧ್ಯಾಯದ ನೊಂದ ಸೇವಕ ಇಸ್ರೇಲ್ ಜನಾಂಗವೇ, ತಾವು ಸದಾ ಹಾಗೆಯೇ ಓದಿದ್ದೇವೆ ಎಂದು ಅವರ ವಾದಿಗಳು ಹೇಳುವುದುಂಟು. ಅವರದೇ ಹಳೆಯ ಅರಮಾಯಿಕ್ ಅನುವಾದ ಆ ಸೇವಕನನ್ನು ಮೆಸ್ಸೀಯ ಎಂದೇ ಕರೆದು, ನೋವನ್ನು ಮಾತ್ರ ಬೇರೆಯವರ ಪಾಲಿಗೆ ಹಚ್ಚಿದೆ. ಜನಾಂಗವೇ ಸೇವಕ ಎಂಬ ಓದೂ ಹಳೆಯದೇ, ಕ್ರೈಸ್ತ ಪಂಡಿತ ಓರಿಗನ್ 3ನೇ ಶತಮಾನದಲ್ಲೇ ಅದನ್ನು ಕೇಳಿದ್ದ. ಆದರೆ ಅದು ಗಟ್ಟಿಯಾಗಿ ಬೇರೂರಿದ್ದು 11ನೇ ಶತಮಾನದ ಯಹೂದಿ ಟೀಕಾಕಾರ ರಾಶಿಯ ಟೀಕೆಯ ನಂತರ. ಅಳತೆಗೋಲು ಕೈಯಲ್ಲಿದ್ದೂ ಎಡವಿದ್ದುಂಟು. ಕ್ರಿ.ಶ. 132ರಲ್ಲಿ ರೋಮ್ ವಿರುದ್ಧ ಎದ್ದ ಬಾರ್ ಕೋಖ್ಬಾನನ್ನು ಮಹಾ ಪಂಡಿತ ಅಕಿವಾ ಮೆಸ್ಸೀಯನೆಂದು ಹೊಗಳಿದ. ಮೂರೇ ವರ್ಷದಲ್ಲಿ ದಂಗೆ ನೆಲಕಚ್ಚಿತು. 1666ರಲ್ಲಿ ಸಬ್ಬತಾಯ್ ಜ್ವಿಯನ್ನು ಮೆಸ್ಸೀಯನೆಂದು ನಂಬಿ ಎಷ್ಟೋ ಜನ ಮನೆಮಾರು ಮಾರಿ ಹೊರಟು ನಿಂತರೆ, ಆತ ಆಟೊಮನ್ ಸುಲ್ತಾನನ ಮುಂದೆ ಮುಸಲ್ಮಾನನಾದ.

ಈಗ ಧರ್ಮಶಾಸ್ತ್ರದ ಮಾತು. ಯೇಸುವಿನ ಕಾಲದಲ್ಲಿ ಫರಿಸಾಯರೆಂಬ ಯಹೂದಿ ಪಂಗಡವಿತ್ತು. ಕನ್ನಡದಲ್ಲಿ ಫರಿಸಾಯ ಎಂದರೆ ಕರ್ಮಠ. ಯೇಸುವನ್ನು ಬಸವಣ್ಣನ ಜಾಗದಲ್ಲಿ ನಿಲ್ಲಿಸಿ, ಫರಿಸಾಯರಿಗೆ ಜನಿವಾರ ಹಾಕಿಬಿಟ್ಟರೆ ಲೇಖನ ಸಲೀಸಾಗಿ ಮುಗಿಯುತ್ತದೆ. ಆದರೆ ಹುಟ್ಟಿನಿಂದ ಪೌರೋಹಿತ್ಯ ಬಂದದ್ದು, ದೇವಾಲಯದ ಬಲಿ, ಕಾಣಿಕೆ ಕೈಯಲ್ಲಿದ್ದದ್ದು ಯಾಜಕ ಮನೆತನಗಳಿಗೆ. ಅವರ ಬೆನ್ನಿಗಿದ್ದದ್ದು ಸದ್ದುಕಾಯರ ಪಂಗಡ. ಫರಿಸಾಯರಲ್ಲಿ ಬಹುಪಾಲು ಸಾಮಾನ್ಯ ಕುಲದವರು. ಗರ್ಭಗುಡಿಯ ಮಡಿಯನ್ನು ಮನೆಯ ಊಟದ ಪಂಕ್ತಿಗೆ ತಂದವರು, ಯಾಜಕನಲ್ಲದವನೂ ಶಾಸ್ತ್ರ ಕಲಿತು ಹೇಳಬಹುದೆಂದವರು. ಅವರ ಪರಂಪರೆಯಲ್ಲಿ ಬಂದ ಅಕಿವಾ ನಲವತ್ತರವರೆಗೆ ಅಕ್ಷರ ತಿಳಿಯದ ಕುರುಬನಾಗಿದ್ದನೆಂದು ಅವರ ಕತೆ. ಅವನ ಶಿಷ್ಯರಲ್ಲಿ ಚಪ್ಪಲಿ ಹೊಲಿಯುವವನೆಂದೇ ಹೆಸರಾದ ಯೋಹಾನಾನ್ ಇದ್ದ. ಹರಳಯ್ಯನನ್ನು ನೆನೆಯುವ ನಾಡಿನವರಿಗೆ ಹೋಲಿಕೆ ಬೇಕೇ ಬೇಕಿದ್ದರೆ ಇಲ್ಲಿ ಹುಡುಕಬೇಕಿತ್ತು.

‘ಕಣ್ಣಿಗೆ ಕಣ್ಣು’ ಎಂಬ ಕಟ್ಟಳೆಯನ್ನು ಯಹೂದಿ ಕ್ರೌರ್ಯದ ಗುರುತಾಗಿ ಎಷ್ಟು ಸಲ ಕೇಳಿಲ್ಲ! ಸುಮಾರು ಕ್ರಿ.ಶ. 200ರಲ್ಲಿ ಸಂಗ್ರಹಗೊಂಡ, ರಬ್ಬಿಗಳ ಶಾಸ್ತ್ರಗ್ರಂಥವಾದ ಮಿಶ್ನಾ ಅದಕ್ಕೆ ಕೊಟ್ಟ ಅರ್ಥ ಹಣದ ಪರಿಹಾರ: ಅಂಗಹಾನಿ, ನೋವು, ಔಷಧ ಖರ್ಚು, ತಪ್ಪಿದ ಕೂಲಿ, ಆದ ಅವಮಾನ, ಐದನ್ನೂ ಲೆಕ್ಕ ಹಾಕಿ ಕಟ್ಟಿಕೊಡಬೇಕು. ಮಿಶ್ನಾದ ಮೇಲೆ ಬೆಳೆದ ತಾಲ್ಮುದ್‌ನಲ್ಲಿ ಒಂದು ಒಲೆಯ ಶುದ್ಧಿಯ ಬಗ್ಗೆ ಪಂಡಿತರ ಜಗಳ ಬರುತ್ತದೆ. ಎಲಿಯೇಜರ್ ಒಬ್ಬನೇ ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ಅವನ ಪರವಾಗಿ ಮರ ಕಿತ್ತು ಆಚೆ ಹೋಗುತ್ತದೆ, ನೀರು ಹಿಂದಕ್ಕೆ ಹರಿಯುತ್ತದೆ, ಕೊನೆಗೆ ಆಕಾಶವಾಣಿಯೇ ಆಗುತ್ತದೆ. ಶಾಸ್ತ್ರ ಈಗ ಆಕಾಶದಲ್ಲಿಲ್ಲ ಎಂದು ಯೆಹೋಷುವ ಎದ್ದು ನಿಂತು ಹೇಳುತ್ತಾನೆ. ಬಹುಮತದಂತೆ ನಡೆಯಬೇಕು ಎಂಬುದು ಅದರ ಅರ್ಥ. ಅದನ್ನು ಕೇಳಿ ದೇವರು ನಕ್ಕನಂತೆ. ದೇವರ ದನಿಗೇ ಅಡ್ಡ ಮಾತಾಡುವ ಈ ಜನರನ್ನು ಅಕ್ಷರಕ್ಕೆ ಜೋತುಬಿದ್ದವರು ಎನ್ನುವುದಾದರೂ ಹೇಗೆ?

ಹೊರೆ ಇಳಿಸಿದ ಕತೆಯೂ ಹೇಳಿದಷ್ಟು ಸರಳವಲ್ಲ. ಶಾಸ್ತ್ರವನ್ನು ರದ್ದು ಮಾಡಲು ಬಂದವನಲ್ಲ ಎಂದು ಯೇಸುವೇ ಹೇಳಿದ್ದು ಮತ್ತಾಯನ 5ನೇ ಅಧ್ಯಾಯದಲ್ಲಿದೆ. ಸುನ್ನತಿ ಬೇಡವೆಂದು ಶಿಷ್ಯರ ಸಭೆ ಸುಮಾರು ಕ್ರಿ.ಶ. 49ರಲ್ಲಿ ಜೆರುಸಲೇಮಿನಲ್ಲಿ ತೀರ್ಮಾನಿಸಿತು ನಿಜ, ಆದರೆ ಅದು ಯಹೂದಿಗಳಲ್ಲದ ಭಕ್ತರಿಗೆ. ಅವರಿಗೂ ವಿಗ್ರಹಕ್ಕಿಟ್ಟ ಎಡೆ, ರಕ್ತ, ಕತ್ತು ಹಿಸುಕಿ ಕೊಂದ ಪ್ರಾಣಿ, ಹಾದರ ಇವಿಷ್ಟನ್ನು ನಿಷೇಧಿಸಿತು. ನಮ್ಮ ಕಡೆ ಕುರಿ ಕೊಯ್ದ ದಿನ ರಕ್ತದ ಪಲ್ಯವಿಲ್ಲದೆ ಊಟ ಏಳುತ್ತದೆಯೇ? ಅದನ್ನು ತಿಂದ ಕ್ರೈಸ್ತನನ್ನು ಯಾವ ಫಾದರೂ ತಡೆಯುವುದಿಲ್ಲ, ಏಕೆಂದರೆ ಆ ಕಟ್ಟಳೆಗೆ ಕಾರಣವಿದ್ದ ಕಾಲ ಮುಗಿಯಿತೆಂದು 1442ರಲ್ಲಿ ಫ್ಲಾರೆನ್ಸ್ ಸಭೆ ಸಾರಿತು. ಶಿಷ್ಯರ ತೀರ್ಮಾನವನ್ನೇ ಹೀಗೆ ಕಾಲ ನೋಡಿ ಬಿಡಿಸಿಕೊಂಡ ಧರ್ಮಸಭೆ, ಅದೇ ಕೆಲಸ ಮಾಡಿದ ರಬ್ಬಿಗಳನ್ನು ಕುತರ್ಕಿಗಳೆನ್ನುವುದು ನ್ಯಾಯವಲ್ಲ.

ರೋಮಿನ ಧರ್ಮಸಭೆ ಇದನ್ನೆಲ್ಲ ಯಾವಾಗಲೋ ಒಪ್ಪಿಕೊಂಡಾಗಿದೆ. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಸಭೆ, ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯಹೂದಿಗಳ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದೆಂದು ಘೋಷಿಸಿತು. 2001ರಲ್ಲಿ ಅಲ್ಲಿನ ಬೈಬಲ್ ಆಯೋಗ, ಯಹೂದಿಗಳು ತಮ್ಮ ಗ್ರಂಥವನ್ನು ಓದುವ ರೀತಿಯೂ ಸಾಧ್ಯವಾದ ಒಂದು ಓದು, ಅವರ ಮೆಸ್ಸೀಯನ ನಿರೀಕ್ಷೆ ವ್ಯರ್ಥವಲ್ಲ ಎಂದಿತು. ಬವೇರಿಯದ ಓಬರಾಮರ್ಗೌ ಎಂಬ ಹಳ್ಳಿಯವರು 1634ರಿಂದ ಆಡುತ್ತ ಬಂದ ಪಾಡಿನ ನಾಟಕದಿಂದ ಯಹೂದಿ ದ್ವೇಷದ ಭಾಗಗಳನ್ನು ಇತ್ತೀಚಿನ ದಶಕಗಳಲ್ಲಿ ಕಿತ್ತು ಹಾಕಿದ್ದಾರೆ. ಇಷ್ಟೆಲ್ಲ ಆದರೂ ನಮ್ಮಲ್ಲಿ ಹಳೆಯ ಮಾತೇ ಓಡುತ್ತಿದೆ. ಎದುರಿಗೆ ಯಹೂದಿ ಇಲ್ಲದಿರುವುದೇ ಕಾರಣವಿರಬೇಕು.

ಸಂಬಂಧಪಟ್ಟವರ ಅನುಪಸ್ಥಿತಿಯಲ್ಲಿ ಆಡುವ ಮಾತು ಎಷ್ಟು ದೂರ ಹೋಗಬಲ್ಲದೆಂದು ಹಾರೋಬೆಲೆಯವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. 2019ರ ಕ್ರಿಸ್‌ಮಸ್ ದಿನ ಅವರ ಊರಿನ ಕಪಾಲಬೆಟ್ಟದಲ್ಲಿ 114 ಅಡಿಯ ಯೇಸು ಪ್ರತಿಮೆಗೆ ಶಿಲಾನ್ಯಾಸವಾಯಿತು. ಮರು ತಿಂಗಳು ಅದನ್ನು ವಿರೋಧಿಸಿ ‘ಕನಕಪುರ ಚಲೋ’ ಮೆರವಣಿಗೆ ಬಂತು. ಆ ಊರನ್ನು ಎಂದೂ ಮೆಟ್ಟದವರೆಲ್ಲ ಟಿವಿಯಲ್ಲಿ ಕೂತು ಆ ಜನರ ಭಕ್ತಿಯ ಅರ್ಥ ಬಿಡಿಸಿದರು. ಪ್ರತಿಮೆಗೆ ಸರ್ಕಾರಿ ಜಮೀನು ಕೊಟ್ಟದ್ದು ಸರಿಯೋ ತಪ್ಪೋ ಬೇರೆ ಪ್ರಶ್ನೆ.

ನಾಟಕ ಆಡಿಸುವವರಿಗೆ, ಎಲ್ಲೇ ಆಡಿಸಲಿ, ಒಂದು ಸಲಹೆ. ಮಾರ್ಕ, ಲೂಕರು ಹೇಳುವ ವಿಚಾರಣೆ, ಶಿಲುಬೆಯ ಪ್ರಸಂಗಗಳಲ್ಲಿ ಫರಿಸಾಯರ ಹೆಸರೇ ಬರುವುದಿಲ್ಲ. ಹೆರೋದ ಕೊಲ್ಲಬೇಕೆಂದಿದ್ದಾನೆ, ಇಲ್ಲಿಂದ ಹೊರಡು ಎಂದು ಯೇಸುವನ್ನು ಎಚ್ಚರಿಸಿದವರೂ ಲೂಕನ 13ನೇ ಅಧ್ಯಾಯದ ಪ್ರಕಾರ ಫರಿಸಾಯರೇ. ಯೊವಾನ್ನನ 7ನೇ ಅಧ್ಯಾಯದಲ್ಲಿ ನಿಕೊದೇಮ ಬರುತ್ತಾನೆ, ಅವನೂ ಫರಿಸಾಯ. ಆರೋಪಿಯ ಮಾತು ಕೇಳದೆ ತೀರ್ಪು ಕೊಡಲು ನಮ್ಮ ಶಾಸ್ತ್ರ ಒಪ್ಪುವುದಿಲ್ಲ ಎಂದು ತನ್ನವರೆದುರೇ ವಾದಿಸಿ ಬೈಸಿಕೊಳ್ಳುತ್ತಾನೆ. ಮಹಾಯಾಜಕ ಕಾಯಫನ ಪಾತ್ರಕ್ಕೆ ಕೊಡುವ ಹೊತ್ತಿನಲ್ಲಿ ಎರಡು ನಿಮಿಷ ಕತ್ತರಿಸಿ ಇವನಿಗೆ ಕೊಟ್ಟರೆ ಸಾಕು, ಹೊಸ ಸಂಭಾಷಣೆ ಬರೆಯುವ ಕಷ್ಟವೂ ಇಲ್ಲ.