'ಯಾಕೆ ಓಡಿ ಹೋಗಲಿಲ್ಲ?' ಎಂದು ಕೇಳುವವರಿಗೆ

ಕಜುವೊ ಇಶಿಗುರೊ ಬರೆದ 'ನೆವರ್ ಲೆಟ್ ಮಿ ಗೋ' 2005ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ. ಲೇಖಕ 1954ರಲ್ಲಿ ನಾಗಸಾಕಿಯಲ್ಲಿ ಹುಟ್ಟಿ, ಐದು ವರ್ಷದವನಿದ್ದಾಗಲೇ ಇಂಗ್ಲೆಂಡಿಗೆ ಹೋಗಿ ಅಲ್ಲೇ ಬೆಳೆದವನು. 2017ರಲ್ಲಿ ನೊಬೆಲ್ ಬಂತು. ಕಾದಂಬರಿ 2010ರಲ್ಲಿ ಸಿನಿಮಾನೂ ಆಯಿತು. ಇದನ್ನು ಓದಿದವರು ಎರಡು ಮಾತು ತಪ್ಪದೆ ಹೇಳುತ್ತಾರೆ. ಒಂದು, ಈ ಹುಡುಗರು ಯಾಕೆ ಓಡಿ ಹೋಗಲಿಲ್ಲ? ಇನ್ನೊಂದು, ಇದು ನಮ್ಮೆಲ್ಲರ ಕತೆ, ನಾವೂ ಒಂದಿನ ಸಾಯೋರೇ ಅಲ್ಲವೆ? ಈ ಎರಡೂ ಮಾತಿನ ಬಗ್ಗೆ ನನಗೆ ತಕರಾರಿದೆ.

ಓದದವರಿಗಾಗಿ ಕತೆ ಇಷ್ಟು. ಮುಂದಿನ ಕಾಲದ ವಿಜ್ಞಾನವನ್ನು ಲೇಖಕ ಹಿಂದಿನ ಕಾಲಕ್ಕೆ ತಂದು ಕೂರಿಸಿದ್ದಾನೆ. ನಮ್ಮ ಲೋಕದಲ್ಲಿ ಡಾಲಿ ಅನ್ನುವ ತದ್ರೂಪಿ ಕುರಿ ಹುಟ್ಟಿದ್ದು 1996ರಲ್ಲಿ. ಕಾದಂಬರಿಯ ಇಂಗ್ಲೆಂಡಿನಲ್ಲಿ ಮಹಾಯುದ್ಧ ಮುಗಿದ ಕೆಲವೇ ವರ್ಷಕ್ಕೆ ಮನುಷ್ಯರ ತದ್ರೂಪಿಗಳೇ ಹುಟ್ಟುತ್ತಾರೆ. ಆ ಮಕ್ಕಳನ್ನು ಸಾಕುವುದು ಒಂದೇ ಕಾರಣಕ್ಕೆ: ಬೆಳೆದ ಮೇಲೆ ಅವರ ಅಂಗಗಳನ್ನು ಒಂದೊಂದಾಗಿ ತೆಗೆದು ಕಾಯಿಲೆಯವರಿಗೆ ಹಾಕಬೇಕು. ಮೂರೋ ನಾಲ್ಕೋ ಸಲಕ್ಕೆ ಜೀವ ಹೋಗುತ್ತದೆ. ಹೇಲ್‌ಶಾಮ್ ಅನ್ನುವ ವಸತಿ ಶಾಲೆಯಲ್ಲಿ ಕ್ಯಾಥಿ, ರೂತ್, ಟಾಮಿ ಒಟ್ಟಿಗೆ ಬೆಳೆಯುತ್ತಾರೆ. ಕ್ಯಾಥಿಗೂ ಟಾಮಿಗೂ ಮನಸ್ಸಿತ್ತು, ನಡುವೆ ರೂತ್ ಬಂದಳು. ಸಾಯುವ ಮುಂಚೆ ಅದನ್ನು ಒಪ್ಪಿಕೊಂಡು ಇಬ್ಬರನ್ನೂ ಒಂದಾಗಿ ಅಂತ ಅವಳೇ ಹೇಳುತ್ತಾಳೆ. ಇಬ್ಬರು ಕೂಡುವ ಹೊತ್ತಿಗೆ ಟಾಮಿಯಿಂದ ಮೂರು ಸಲ ಅಂಗ ತೆಗೆದಾಗಿದೆ.

ವೈಜ್ಞಾನಿಕ ಕಾದಂಬರಿ ಅಂತ ಕೊಂಡವರು ಇದರಲ್ಲಿ ವಿಜ್ಞಾನ ಎಲ್ಲಿದೆ ಅಂದರು. ಪ್ರೇಮಕತೆ ಅಂತ ಕೊಂಡವರು ಇಷ್ಟು ತಣ್ಣಗೆ ಹೇಳಬೇಕಿತ್ತೆ ಅಂದರು. ಅವೆಲ್ಲ ಇರಲಿ.

ಮೊದಲ ಪ್ರಶ್ನೆ ತಗೊಳ್ಳೋಣ. ಹೇಲ್‌ಶಾಮ್‌ನ ಬೇಲಿಗೆ ಕರೆಂಟಿಲ್ಲ. ದೊಡ್ಡವಳಾದ ಕ್ಯಾಥಿಗೆ ಕಾರಿದೆ. ಅಂಗ ಕೊಟ್ಟವರ ಆರೈಕೆಯ ಕೆಲಸದ ಮೇಲೆ ಹೆಚ್ಚುಕಡಿಮೆ ಹನ್ನೆರಡು ವರ್ಷ ಒಬ್ಬಳೇ ಊರೂರು ಸುತ್ತುತ್ತಾಳೆ. ಹಾಗೇ ಕಾರು ತಿರುಗಿಸಿಕೊಂಡು ಹೋಗಬಾರದಿತ್ತಾ ಅಂತ ಓದುಗರು ಕೇಳುತ್ತಾರೆ, ಕೆಲವರು ಸಿಟ್ಟಿನಿಂದಲೇ ಕೇಳುತ್ತಾರೆ.

ಹೋಗಿ ಯಾರ ಬಾಗಿಲು ತಟ್ಟಬೇಕಿತ್ತು? ಅವಳಿಗೆ ಅಪ್ಪನಿಲ್ಲ, ಅವ್ವನಿಲ್ಲ, ಮನೆತನದ ಹೆಸರಿಲ್ಲ. ಹೆಸರಿನ ಮುಂದೆ ಬರೀ ಒಂದು ಅಕ್ಷರ. ಶಾಲೆಯ ಮಕ್ಕಳಲ್ಲಿ ಒಂದು ಕತೆ ಓಡಾಡುತ್ತದೆ: ಜಗಳ ಮಾಡಿಕೊಂಡು ಬೇಲಿ ದಾಟಿದ ಹುಡುಗನೊಬ್ಬ ಎರಡು ದಿನದ ಮೇಲೆ ಕೈಕಾಲು ಕತ್ತರಿಸಿದ ಹೆಣವಾಗಿ ಕಾಡಿನ ಮರದಲ್ಲಿ ಸಿಕ್ಕಿದನಂತೆ. ಇನ್ನೊಂದು: ಹೊರಗೇನಿದೆ ನೋಡೋಣ ಅಂತ ಹೋದ ಹುಡುಗಿಯನ್ನು ಮತ್ತೆ ಒಳಗೆ ಬಿಡದೆ, ಅವಳ ದೆವ್ವ ಒಳಗೆ ಸೇರಿಸಿಕೊಳ್ಳಿ ಅಂತ ಅಂಗಲಾಚುತ್ತಾ ತಿರುಗುತ್ತಿದೆಯಂತೆ. ಇದನ್ನು ಕಾವಲುಗಾರರು ಹೇಳಲ್ಲ, ಮಕ್ಕಳೇ ಮಕ್ಕಳಿಗೆ ಹೇಳುತ್ತಾರೆ. ಜೀತ ನಿಷೇಧದ ಕಾನೂನು ಬಂದದ್ದು 1976ರಲ್ಲಿ. ಜೀತಗಾರನ ಸುತ್ತ ಯಾವ ಬೇಲಿ ಇತ್ತು? ಸಾಲ ಇತ್ತು, ಅಪ್ಪ ಕೊಟ್ಟ ಮಾತಿತ್ತು, ಓಡಿ ಹೋದವನ ಗತಿ ಏನಾಯಿತು ಅನ್ನುವ ಕತೆ ಇತ್ತು. ಅವನನ್ನೂ ಜನ ಇದನ್ನೇ ಕೇಳಿದರು: ಯಾಕೆ ಬಿಟ್ಟು ಹೋಗಲಿಲ್ಲ?

ಮಾತೂ ಒಂದು ಬೇಲಿ. ಅಂಗ ಕೀಳುವುದಕ್ಕೆ ಆ ವ್ಯವಸ್ಥೆ ಇಟ್ಟ ಹೆಸರು ದಾನ. ಸತ್ತರು ಅನ್ನಲ್ಲ, ಪೂರ್ಣಗೊಂಡರು ಅನ್ನುತ್ತದೆ. ನಮ್ಮ ಕಡೆ ಹುಡುಗಿಯರನ್ನು 'ದೇವರಿಗೆ ಬಿಡುವುದು' ಅಂತ ಕರೆದು ಊರವರ ಪಾಲು ಮಾಡುತ್ತಿದ್ದುದನ್ನು ಕರ್ನಾಟಕ 1982ರಲ್ಲಿ ಕಾನೂನು ಮಾಡಿ ನಿಷೇಧಿಸಬೇಕಾಯಿತು. ಹೀಗೆ ಹೆಸರಿಟ್ಟವರಿಗೆ ತಾವೇನು ಮಾಡುತ್ತಿದ್ದೇವೆ ಅಂತ ಚೆನ್ನಾಗಿ ಗೊತ್ತಿರುತ್ತದೆ.

ಕಾದಂಬರಿಯಲ್ಲಿ ನನ್ನನ್ನು ನಿಲ್ಲಿಸಿದ ಜಾಗ ಪ್ರೇಮದ್ದಲ್ಲ, ಮುಟ್ಟಿನದು. ಮಕ್ಕಳು ಬರೆದ ಚಿತ್ರಗಳಲ್ಲಿ ಒಳ್ಳೆಯದನ್ನು ಆರಿಸಿಕೊಂಡು ಹೋಗಲು ಹೊರಗಿನಿಂದ 'ಮೇಡಮ್' ಅನ್ನುವ ಹೆಂಗಸು ಬರುತ್ತಾಳೆ. ಆಕೆಗೆ ನಮ್ಮನ್ನು ಕಂಡರೆ ಭಯ ಅಂತ ರೂತ್ ವಾದ. ಪರೀಕ್ಷೆ ಮಾಡೋಣ ಅಂತ ಎಂಟು ವರ್ಷದ ಪುಟ್ಟ ಹುಡುಗಿಯರು ಗುಂಪಾಗಿ ಆಕೆಯ ಪಕ್ಕ ಹಾಯುತ್ತಾರೆ. ಆಕೆ ಬಯ್ಯುವುದಿಲ್ಲ, ಕೂಗುವುದಿಲ್ಲ. ಮೈಗೆ ಮೈ ಎಲ್ಲಿ ತಾಕೀತೋ ಅಂತ ಜೇಡರ ಹುಳ ಕಂಡವಳ ಹಾಗೆ ಸೆಟೆದು ನಿಂತು, ನಡುಕ ತಡೆದುಕೊಳ್ಳುತ್ತಾಳೆ. ಆಟ ಅಂತ ಹೊರಟ ಹುಡುಗಿಯರಿಗೆ ತಾವು ಏನು ಅನ್ನೋದು ಅವತ್ತು ಗೊತ್ತಾಗುತ್ತದೆ. ಮೇಡಮ್ ಕೆಟ್ಟವಳಲ್ಲ, ಈ ಮಕ್ಕಳ ಪರ ಹೋರಾಡುತ್ತಿರುವವಳು! ಶಾಲೆಯ ಮುಖ್ಯಸ್ಥೆ ಮಿಸ್ ಎಮಿಲಿಯೂ ಅಷ್ಟೆ. ನಿಮ್ಮನ್ನು ಕಿಟಕಿಯಿಂದ ನೋಡಿದಾಗೆಲ್ಲ ಅಸಹ್ಯವಾಗುತ್ತಿತ್ತು, ಆದರೂ ನಿಮಗಾಗಿ ದುಡಿದೆ ಅಂತ ಕೊನೆಗೆ ಅವರಿಗೇ ಹೇಳುತ್ತಾಳೆ. ಕೇರಿಗೆ ಬಂದು ಭಾಷಣ ಮಾಡಿ, ನೀರು ಕೊಟ್ಟರೆ 'ಈಗ ಬೇಡ' ಅಂದು ಹೋಗುವವರನ್ನು ಕಂಡವರಿಗೆ ಈ ಪುಟಗಳಿಗೆ ಟೀಕು ಬೇಕಿಲ್ಲ. ವಿಜ್ಞಾನ ಇಲ್ಲ ಅಂತ ದೂರಿದವರು ಇದನ್ನು ಗಮನಿಸಿದಂತೆ ಕಾಣೆ. ತದ್ರೂಪಿಯ ದೇಹದ ಒಳಗಿನದೆಲ್ಲ ಬೇಕು, ಹೊರಗಿನ ಚರ್ಮ ಮಾತ್ರ ಮುಟ್ಟಬಾರದು.

ಇನ್ನು ಪ್ರೇಮ. ನಿಜವಾಗಿ ಪ್ರೀತಿಸುವ ಜೋಡಿಗೆ ಮೂರು ವರ್ಷ ಮುಂದೂಡಿಕೆ ಸಿಗುತ್ತದಂತೆ ಅನ್ನೋ ಗಾಳಿಮಾತು ಇವರಲ್ಲಿದೆ. ಬದುಕು ಅಲ್ಲ, ಮೂರೇ ವರ್ಷ. ಅದಕ್ಕೂ ಪ್ರೀತಿ ನಿಜ ಅಂತ ರುಜುವಾತು ಬೇಕು. ಚಿಕ್ಕಂದಿನಲ್ಲಿ ಚಿತ್ರ ಬರೆಯಲು ಬಾರದೆ ನಗೆಪಾಟಲಾದ ಟಾಮಿ, ಈಗ ಪುಟ್ಟ ಪುಟ್ಟ ವಿಚಿತ್ರ ಪ್ರಾಣಿಗಳನ್ನು ಬರೆದು ಪುಸ್ತಕ ಕಟ್ಟಿಕೊಂಡು ಮೇಡಮ್ ಮನೆಗೆ ಹೊರಡುತ್ತಾನೆ. ಸರ್ಟಿಫಿಕೇಟಿಗಾಗಿ ತಾಲ್ಲೂಕು ಕಚೇರಿ ಮುಂದೆ ಕಾಗದ ಹಿಡಿದು ನಿಂತವರಿಗೆ ಆ ಹುಡುಗನ ಮುಖ ಗೊತ್ತಿರುತ್ತದೆ. ಅಲ್ಲಿ ಎಮಿಲಿ ಹೇಳುತ್ತಾಳೆ: ಮುಂದೂಡಿಕೆ ಅನ್ನೋದು ಯಾವತ್ತೂ ಇರಲೇ ಇಲ್ಲ. ಚಿತ್ರ ಒಯ್ದದ್ದು ನಿಮಗೂ ಆತ್ಮ ಇದೆ ಅಂತ ದೊಡ್ಡವರಿಗೆ ತೋರಿಸಲು. ತೋರಿಸಿದ್ದೂ ಆಯಿತು, ಪ್ರತಿಭೆ ಒಪ್ಪಿದ್ದೂ ಆಯಿತು, ಕತ್ತರಿ ಮಾತ್ರ ನಿಲ್ಲಲಿಲ್ಲ. ವಾಪಸ್ ಬರುವಾಗ ಟಾಮಿ ಕಾರು ನಿಲ್ಲಿಸಿ ಅಂತ ಇಳಿದು, ಕತ್ತಲ ಹೊಲದ ಕೆಸರಲ್ಲಿ ಕೂಗಾಡುತ್ತಾನೆ. ಕಾದಂಬರಿಯಲ್ಲಿರುವ ಬಂಡಾಯ ಅಷ್ಟೇ, ಅದನ್ನೂ ಕ್ಯಾಥಿ ತಬ್ಬಿ ಹಿಡಿದು ಸುಮ್ಮನಾಗಿಸುತ್ತಾಳೆ.

ಎರಡನೇ ಮಾತು ಇನ್ನೂ ಅಪಾಯದ್ದು. ಎಲ್ಲರಿಗೂ ಆಯಸ್ಸು ಕಮ್ಮಿ, ಇದು ಮನುಷ್ಯಸ್ಥಿತಿಯ ರೂಪಕ ಅಂತ ವಿಮರ್ಶಕರು ಬರೆದರು, ಲೇಖಕನೂ ಸಂದರ್ಶನಗಳಲ್ಲಿ ಆ ಧಾಟಿಯಲ್ಲೇ ಮಾತಾಡಿದ. ನವ್ಯದ ಕಾಲದಲ್ಲಿ ನಮ್ಮಲ್ಲೂ ಹಸಿವಿನ ಮಾತೆತ್ತಿದರೆ ಸಾವಿನ ಪ್ರಜ್ಞೆಯ ಮಾತು ಬರುತ್ತಿತ್ತು. ಸ್ವಾಮಿ, ಸಾಯೋದು ಎಲ್ಲರೂ ನಿಜ. ಆದರೆ ಇಲ್ಲಿ ಒಬ್ಬನ ಆಯಸ್ಸು ಇನ್ನೊಬ್ಬನ ಆಯಸ್ಸಿಗೆ ಜಮೆ ಆಗುತ್ತಿದೆಯಲ್ಲ, ಆ ಲೆಕ್ಕ? 2001ರಲ್ಲಿ ಚೆನ್ನೈನಲ್ಲಿ ಕಿಡ್ನಿ ಮಾರಿದ 305 ಜನರನ್ನು ಕಂಡು ಮಾಡಿದ ಅಧ್ಯಯನವೊಂದು ಮರುವರ್ಷ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅವರಲ್ಲಿ ನೂರಕ್ಕೆ 96 ಮಂದಿ ಮಾರಿದ್ದು ಸಾಲ ತೀರಿಸಲು. ಹಾಗೆ ಮಾರಿದವರಲ್ಲಿ ನೂರಕ್ಕೆ 74 ಮಂದಿ ಆಗಲೂ ಸಾಲದಲ್ಲೇ ಇದ್ದರು. ಅಂಗ ಮಾರಾಟ ಅಪರಾಧ ಅಂತ ನಮ್ಮ ದೇಶದಲ್ಲಿ ಕಾನೂನಾದದ್ದು 1994ರಲ್ಲಿ. ಇವರ ಮುಂದೆ ನಿಂತು 'ನಾವೆಲ್ಲ ಸಾಯೋರೇ' ಅಂತ ಹೇಳೋಕಾಗುತ್ತಾ?

ಓಡಲಿಲ್ಲ ಯಾಕೆ ಅನ್ನುವವರು ಕಳಕೊಂಡವರನ್ನು ಕಟಕಟೆಗೆ ನಿಲ್ಲಿಸುತ್ತಾರೆ. ಎಲ್ಲರ ಕತೆ ಅನ್ನುವವರು ಕಟಕಟೆಯನ್ನೇ ತೆಗೆದುಬಿಡುತ್ತಾರೆ. ಪಡಕೊಂಡವರು ಎಲ್ಲಿ ಅಂತ ಇಬ್ಬರೂ ಕೇಳಲ್ಲ. ಲೇಖಕನೂ ಇದರಲ್ಲಿ ಪಾಲುದಾರ. ಅಂಗ ಪಡೆದ ಒಬ್ಬನೇ ಒಬ್ಬ ಮನುಷ್ಯನನ್ನೂ ಅವನು ನಮ್ಮೆದುರು ತಂದು ನಿಲ್ಲಿಸಲಿಲ್ಲ. ಕ್ಯಾನ್ಸರು ವಾಸಿಯಾಗುತ್ತೆ ಅಂತ ರುಚಿ ಕಂಡ ಜನ ಮತ್ತೆ ಹಿಂದಕ್ಕೆ ಹೋಗಲು ಒಪ್ಪುತ್ತಾರೆಯೇ ಅಂತ ಎಮಿಲಿ ಬಾಯಲ್ಲಿ ನಾಲ್ಕು ಮಾತು ಆಡಿಸಿ ಮುಂದೆ ಹೋಗುತ್ತಾನೆ.

ಆದರೂ ಒಂದು ಸಣ್ಣ ವಿವರ ಬಿಟ್ಟುಹೋಗಿದ್ದಾನೆ, ಬೇಕಂತಲೇ ಇರಬಹುದು. ಅವತ್ತು ಎಮಿಲಿ ಗಾಲಿಕುರ್ಚಿಯಲ್ಲಿ ಕೂತಿದ್ದಾಳೆ. ಮೈಗೆ ಹುಷಾರಿಲ್ಲ, ಈ ಕುರ್ಚಿ ಕಾಯಂ ಆಗಲಿಕ್ಕಿಲ್ಲ ಅನ್ನೋ ನಂಬಿಕೆ ಇದೆ ಅನ್ನುತ್ತಾಳೆ. ಮಾತಿನ ನಡುವೆ ಆಕೆಯ ಗಮನವೆಲ್ಲ ಮಾರಾಟಕ್ಕೆ ಸಾಗಿಸಬೇಕಾದ ಹಾಸಿಗೆ ಪಕ್ಕದ ಬೀರುವಿನ ಮೇಲೆ. ಎದುರಿಗೆ ಮೂರು ಸಲ ಕೊಯ್ಸಿಕೊಂಡ ಹುಡುಗ ಚಿತ್ರದ ಪುಸ್ತಕ ಹಿಡಿದು ಕೂತಿದ್ದಾನೆ. ಆ ಕುರ್ಚಿಯಿಂದ ಆಕೆ ಏಳುವುದು ಹೇಗೆ, ಯಾರ ಮೈಯಿಂದ ಅಂತ ಅವನು ಕೇಳಲ್ಲ, ಕ್ಯಾಥಿಯೂ ಕೇಳಲ್ಲ.