ಸಾಲಿನ ಶಿಸ್ತು, ರಸ್ತೆಯ ಸೌಜನ್ಯ

ವಾರಾಂತ್ಯದ ನಸುಕಿನಲ್ಲಿ ಬೆಂಗಳೂರಿನಿಂದ ನಂದಿಬೆಟ್ಟಕ್ಕೋ ಚಾರ್ಮಾಡಿ ಘಾಟಿಗೋ ಹೊರಡುವ ಬೈಕ್ ತಂಡಗಳಲ್ಲಿ ಅನೇಕವು ಒಳ್ಳೆಯ ಶಿಸ್ತು ರೂಢಿಸಿಕೊಂಡಿವೆ. ಮುಂದೊಬ್ಬ ಲೀಡ್, ಕೊನೆಯಲ್ಲೊಬ್ಬ ಸ್ವೀಪ್. ಹೆಲ್ಮೆಟ್ ಇಲ್ಲದವರಿಗೆ, ಕುಡಿದವರಿಗೆ ಜಾಗವಿಲ್ಲ. ಇದು ಮೆಚ್ಚತಕ್ಕದ್ದೇ. ಆದರೆ ಈ ಶಿಸ್ತೆಲ್ಲ ತಂಡದ ಒಳಗಿನವರಿಗಾಗಿ ಮಾಡಿಕೊಂಡದ್ದು. ಅದೇ ರಸ್ತೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟ ಟಿವಿಎಸ್ ಸವಾರನಿಗೆ ಅದರಿಂದ ಏನೂ ಸಿಕ್ಕಿಲ್ಲ.

ಒಳಗಿನ ನಡವಳಿಕೆಯಲ್ಲಿ ನನಗೆ ಬಹಳ ಹಿಡಿಸಿದ್ದು ತಿರುವಿನ ನಿಯಮ. ದಾರಿ ಕವಲೊಡೆಯುವಲ್ಲಿ ಹಿಂದಿನವನು ಕನ್ನಡಿಯಲ್ಲಿ ಕಾಣುವವರೆಗೆ ಪ್ರತಿಯೊಬ್ಬನೂ ನಿಲ್ಲಬೇಕು. ಆಗ ದಾರಿ ಗೊತ್ತಿಲ್ಲದ ಹೊಸಬ, ಒಂಟಿಯಾಗಿಬಿಡುತ್ತೇನೆಂಬ ಅಂಜಿಕೆಯಿಂದ ತನ್ನ ಅಳವಿಗೆ ಮೀರಿ ಗಾಡಿ ಓಡಿಸಬೇಕಿಲ್ಲ. ಗುಂಪು ಸವಾರಿಯಲ್ಲಿ ಆ ಅಂಜಿಕೆಯಷ್ಟು ಅಪಾಯಕಾರಿಯಾದದ್ದು ಕಡಿಮೆ.

ನನ್ನ ತಕರಾರಿರುವುದು ಸಾಲಿನ ಬಗ್ಗೆ. ಒಬ್ಬ ಲೇನಿನ ಬಲಕ್ಕೆ, ಅವನ ಹಿಂದಿನವನು ಎಡಕ್ಕೆ, ಹೀಗೆ ಓರೆಯಾಗಿ ಒಂದೊಂದು ಸೆಕೆಂಡಿನ ಅಂತರದಲ್ಲಿ ಸಾಗುವುದು ತುಮಕೂರು ಹೆದ್ದಾರಿಯಲ್ಲಿ ಸರಿ. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. 10 ಬೈಕುಗಳ ಸಾಲು 150 ಮೀಟರ್ ಉದ್ದವಾಗುತ್ತದೆ. ಕೊಟ್ಟಿಗೆಹಾರ ದಾಟಿ ಘಾಟಿ ಇಳಿಯುವಾಗ ವೇಗ ತಗ್ಗಿ ಸಾಲು ಕುಗ್ಗಿದರೂ ಅದನ್ನು ಯಾವ ಬಸ್ಸು, ಯಾವ ಆಂಬುಲೆನ್ಸು ಹಿಂದೆ ಹಾಕೀತು? ನಡುವೆ ನುಸುಳಿದ ಕಾರನ್ನು ಹಾರ್ನ್ ಬಡಿದು ಹೊರಗಟ್ಟುವುದನ್ನೂ ಕಂಡಿದ್ದೇನೆ. ರಸ್ತೆ ತಂಡದ ಸ್ವತ್ತಲ್ಲ. ಘಾಟಿಯಲ್ಲಿ ಸಾಲು ಒಡೆದು ನಾಲ್ಕೈದು ಜನರ ತುಂಡುಗಳಾಗಬೇಕು, ನಡುವೆ ಬಸ್ಸೊಂದು ನೆಮ್ಮದಿಯಾಗಿ ಸೇರುವಷ್ಟು ಜಾಗ ಬಿಡಬೇಕು. ತಿರುವುಗಳಲ್ಲಿ ಓರೆ ಸಾಲನ್ನೂ ಬಿಟ್ಟು ಒಬ್ಬರ ಹಿಂದೊಬ್ಬರು ಹೋಗಬೇಕು.

ಸರ್ಕಲ್ಲಿನಲ್ಲಿ ಬೈಕು ಅಡ್ಡ ನಿಲ್ಲಿಸಿ ಉಳಿದ ವಾಹನ ತಡೆಯುವ ‘ಮಾರ್ಷಲ್’ಗಳ ಅಭ್ಯಾಸವೂ ನಿಲ್ಲಲಿ. ಆ ಅಧಿಕಾರ ಪೊಲೀಸರದು. ಸಿಗ್ನಲ್ಲಿನಲ್ಲಿ ತಂಡ ಎರಡಾದರೆ ಆಗಲಿ, ಮುಂದೆ ಎಲ್ಲಾದರೂ ಕಾದರಾಯಿತು. ಎಲ್ಲರೂ ಹಜಾರ್ಡ್ ದೀಪ ಹಾಕಿಕೊಂಡು ಹೋಗುವುದಂತೂ ನೇರ ಅಪಾಯ: ಎರಡೂ ಕಡೆ ಒಟ್ಟಿಗೆ ಮಿನುಗುವಾಗ ಬೈಕು ಎತ್ತ ತಿರುಗುತ್ತದೆಂದು ಹಿಂದಿನ ಲಾರಿಯವನಿಗೆ ತಿಳಿಯುವುದು ಹೇಗೆ?

ಕಂಪನಿ ಸೈಲೆನ್ಸರ್ ಬಿಚ್ಚಿ ಗದ್ದಲದ್ದನ್ನು ಹಾಕಿಸಿಕೊಂಡು ಬಂದವನನ್ನೂ, ಹೆಲ್ಮೆಟ್ ಇಲ್ಲದವನಂತೆಯೇ, ಹೊರಡುವ ಮುಂಚೆಯೇ ಮನೆಗೆ ಕಳಿಸಬೇಕು. ಊರೊಳಗೆ ಆ ಸದ್ದಿಗೆ ನಿದ್ದೆಗೆಟ್ಟವರು ತಂಡದ ವಾಟ್ಸಾಪ್ ಗುಂಪಿನಲ್ಲಿ ಇರುವುದಿಲ್ಲ. ಅವರ ಪರವಾಗಿ ಖಡಾಖಂಡಿತ ಮಾತಾಡುವುದೂ ಲೀಡ್ ಆದವನ ಕೆಲಸ.