ಮೂಗಿಗಿಂತ ಮೂಗುತಿ ಭಾರ

ಹಳೆಯದು ಹೊನ್ನು ಎಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದವರು. ಆ ಹೊನ್ನನ್ನು ಚೂರು ಚೂರಾಗಿ ತುಂಡರಿಸಿ ಮಾರಬಹುದೆಂಬುದು ಮಾತ್ರ ನಮಗೆ ಗೊತ್ತಾದದ್ದು ಇತ್ತೀಚೆಗೆ, ಒಂದು ಗ್ರಾಮಾಫೋನಿನ ನೆಪದಿಂದ.

ಊರು ಬಿಟ್ಟು ಮುಂಬಯಿಗೆ ಬಂದ ಮನೆಗಳಲ್ಲಿ ತಾಮ್ರದ ಹಂಡೆ, ಕಡೆಯುವ ಕಲ್ಲುಗಳ ಜತೆಗೆ ಒಮ್ಮೊಮ್ಮೆ ಒಂದು ಪೆಟ್ಟಿಗೆ ಗ್ರಾಮಾಫೋನೂ ಬಂದಿರುತ್ತದೆ. ನಮ್ಮ ಮನೆಯದನ್ನು ತಂದೆಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಅವರು ಹೋದ ಮೇಲೆ ಅದು ಮಾಳಿಗೆ ಸೇರಿತು. ಹೋದ ವರ್ಷ ಕೆಳಗಿಳಿಸಿ ಕೀಲಿ ಕೊಟ್ಟೆವು. ತಟ್ಟೆಯೇನೋ ತಿರುಗಿತು, ಆದರೆ ಹಾಡಿನ ಬದಲು ಗೊರಗೊರ ಸದ್ದು. ಸೌಂಡ್‌ಬಾಕ್ಸ್ ಕೆಟ್ಟಿದೆ ಎಂದರು ಬಲ್ಲವರು. ಸೂಜಿಯ ಕಂಪನವನ್ನು ದನಿಯಾಗಿಸುವ ಆ ಅಂಗೈಯಗಲದ ಡಬ್ಬಿಯನ್ನು ಹುಡುಕಿಕೊಂಡು ಹಳೆಸಾಮಾನಿನ ಅಂಗಡಿಗೆ ಹೋದಾಗ, ಬೆಲೆ ಕೇಳಿ ನಾವೇ ಮೂಕರಾದೆವು. ಇಡೀ ಯಂತ್ರದ ಬೆಲೆಯ ಅರ್ಧಕ್ಕಿಂತ ಹೆಚ್ಚು! ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಹುಟ್ಟಿದ್ದು ಇಂಥ ಅಂಗಡಿಯಲ್ಲೇ ಇರಬೇಕು.

ಇದು ಒಬ್ಬ ಅಂಗಡಿಯವನ ದುರಾಸೆ ಎಂದು ಬಗೆದರೆ ತಪ್ಪಾದೀತು. ಸಂಗ್ರಾಹಕರಿರುವ ಕಡೆಯಲ್ಲೆಲ್ಲ ಇದೇ ಕತೆ. ಎಡಿಸನ್ 1877ರಲ್ಲಿ ಕಂಡುಹಿಡಿದ ಫೋನೋಗ್ರಾಫ್ ಮುಂದೆ ಮೇಣದ ಉರುಳೆಗಳಿಂದ ಹಾಡಿತು. ಬರ್ಲಿನರ್ 1887ರಲ್ಲಿ ರೂಪಿಸಿದ ಗ್ರಾಮಾಫೋನಿನಲ್ಲಿ ನಮಗೆಲ್ಲ ಪರಿಚಿತವಾದ ಪ್ಲೇಟು ಬಂತು. ಎಡಿಸನ್ ಕಂಪನಿ 1929ರಲ್ಲಿ ಈ ವ್ಯಾಪಾರವನ್ನೇ ಕೈಬಿಟ್ಟಿತು. ಅಲ್ಲಿಂದಾಚೆಗೆ ಅದರ ಬಿಡಿಭಾಗಗಳೆಂದರೆ ಉಳಿದದ್ದಷ್ಟೇ, ಹೊಸತು ಹುಟ್ಟುವುದಿಲ್ಲ. ಅದರಲ್ಲೂ ಒಂದರ ಬದಲು ಇನ್ನೊಂದು ನಡೆಯದು. ಎರಡು ನಿಮಿಷದ ಉರುಳೆಯಲ್ಲಿ ಅಂಗುಲಕ್ಕೆ 100 ಗೆರೆ. 1908ರಲ್ಲಿ ಬಂದ ನಾಲ್ಕು ನಿಮಿಷದ್ದರಲ್ಲಿ 200. ಮೊದಲನೆಯದರ ದಪ್ಪ ಮೊನೆಯನ್ನು ಎರಡನೆಯದರ ಮೇಲೆ ಇಟ್ಟರೆ ಹಾಡೂ ಇಲ್ಲ, ಮೇಣದ ಗೆರೆಯೂ ಉಳಿಯದು. ಸರಿಯಾದ ಭಾಗಕ್ಕಾಗಿ ಜನ ಹಂಬಲಿಸುವುದು ಬರಿಯ ಶೋಕಿಯಲ್ಲ ಎಂಬುದನ್ನು ಒಪ್ಪಲೇಬೇಕು.

ನಮ್ಮ ಪೆಟ್ಟಿಗೆ ಗ್ರಾಮಾಫೋನುಗಳಿಗೆ ಇನ್ನೊಂದು ರೋಗ. 1920ರ ದಶಕದ ಕೊನೆಯಿಂದೀಚೆಗೆ ಅನೇಕ ಸೌಂಡ್‌ಬಾಕ್ಸುಗಳ ಬೆನ್ನನ್ನು ಸತುವಿನ ಅಗ್ಗದ ಮಿಶ್ರಲೋಹದಲ್ಲಿ ಎರಕ ಹೊಯ್ದರು. ಅದರಲ್ಲಿ ಕಲಬೆರಕೆಯಿದ್ದರೆ ಕಾಲ ಕಳೆದಂತೆ ಲೋಹ ಒಳಗೊಳಗೇ ಉಬ್ಬಿ ಬಿರಿಯುತ್ತದೆ. ಯಾರೂ ಮುಟ್ಟದಿದ್ದರೂ ಸರಿ, ಮಾಳಿಗೆಯ ಮೇಲೆ ತನ್ನಷ್ಟಕ್ಕೆ ಸಾಯುತ್ತದೆ. ಹೀಗೆ ಒಳ್ಳೆಯ ಭಾಗಗಳು ಕಡಿಮೆಯಾದಷ್ಟೂ ಬೆಲೆ ಏರುವುದು ಸಹಜ.

ಬೆಲೆ ಏರಿದ್ದರಿಂದ ಒಳಿತೂ ಆಗಿದೆ. ಬೆಲೆಯಿಲ್ಲದಿದ್ದ ಕಾಲದಲ್ಲಿ ಹಿತ್ತಾಳೆಯ ಕಹಳೆಯನ್ನು ಗುಜರಿಯವನು ತೂಕಕ್ಕೆ ಕೊಂಡು ಕರಗಿಸುತ್ತಿದ್ದ. ಇಂದು ಅವನೂ ಒಮ್ಮೆ ಯೋಚಿಸುತ್ತಾನೆ. ಆದ್ದರಿಂದ ಸಂಗ್ರಾಹಕರನ್ನು ಸಾರಾಸಗಟಾಗಿ ಬಯ್ಯುವುದು ನಮ್ಮ ಉದ್ದೇಶವಲ್ಲ. ನಮ್ಮ ತಕರಾರು ಇರುವುದು ಅವರು ಯಾವುದಕ್ಕೆ ಬೆಲೆ ಕಟ್ಟುತ್ತಾರೆ ಎಂಬುದರ ಬಗ್ಗೆ.

ಒಂದು ಉದಾಹರಣೆ ನೋಡೋಣ. ನ್ಯೂಯಾರ್ಕಿನಲ್ಲಿ ಬೆಟ್ಟಿನಿ ಎಂಬ ಇಟಲಿಯವನು ಎಡಿಸನ್ ಯಂತ್ರಕ್ಕೆ ಜೋಡಿಸುವ ಒಂದು ಉಪಕರಣವನ್ನು ಮಾಡಿದ. ಜೇಡನ ಕಾಲುಗಳಂಥ ಕಡ್ಡಿಗಳು ಕಂಪನವನ್ನು ಪೊರೆಯ ಹಲವು ಬಿಂದುಗಳಿಗೆ ಹಂಚುವುದು ಅದರ ವಿಶೇಷ. ಸಂಗ್ರಾಹಕರಲ್ಲಿ ಅದರ ಬೆಲೆ, ಅದು ಕೂರುವ ಯಂತ್ರವನ್ನೇ ಮೀರಿಸಿದೆ. ಮೆಟ್ರೊಪಾಲಿಟನ್ ಆಪೆರಾದ ಗ್ರಂಥಪಾಲಕ ಮೇಪಲ್‌ಸನ್ 1900ರಲ್ಲಿ ಎಡಿಸನ್ ಯಂತ್ರವನ್ನೂ ಬೆಟ್ಟಿನಿಯ ಉಪಕರಣವನ್ನೂ ಕೊಂಡು, ಮೂರುನಾಲ್ಕು ವರ್ಷ ರಂಗದ ಮೇಲಿನ ಹಾಡುಗಾರಿಕೆಯನ್ನು ತುಣುಕು ತುಣುಕಾಗಿ ಉರುಳೆಗಳಲ್ಲಿ ಹಿಡಿದ. ಆ ಕಾಲದ ಮಹಾಗಾಯಕ ಜೀನ್ ಡಿ ರೆಸ್ಕಿಯ ದನಿ ಇಂದು ಕೇಳಸಿಗುವುದು ಗದ್ದಲದ ನಡುವಿನ ಆ ಉರುಳೆಗಳಲ್ಲಿ. ಬೆಟ್ಟಿನಿಯ ಉಪಕರಣದ ನಿಜವಾದ ಹೆಚ್ಚುಗಾರಿಕೆ ಇದು. ಪೇಟೆಯಾದರೋ ಅದು ಎಷ್ಟು ವಿರಳ, ಹೆಸರಿನ ಕೆತ್ತನೆ ಸವೆದಿಲ್ಲ ತಾನೆ ಎಂದು ನೋಡುತ್ತದೆಯೇ ಹೊರತು, ಏನನ್ನು ಕೇಳಿಸಿತು ಎಂದು ಕೇಳುವುದಿಲ್ಲ. ವೀಣೆ ಮೂಲೆಯಲ್ಲಿರಲಿ, ಬಿರಡೆ ಕಪಾಟಿನಲ್ಲಿರಲಿ ಎಂಬ ರಸಿಕತೆಗೆ ಏನೆನ್ನೋಣ?

ಈ ರುಚಿಹೀನತೆಯ ಫಲ ಎರಡು. ಇಡಿಯಾಗಿ ಮಾರುವುದಕ್ಕಿಂತ ಬಿಡಿಯಾಗಿ ಮಾರಿದರೆ ಹೆಚ್ಚು ಸಿಗುವಾಗ, ಹಾಡುತ್ತಿದ್ದ ಯಂತ್ರಗಳನ್ನೇ ಬಿಚ್ಚಿ ಸೌಂಡ್‌ಬಾಕ್ಸ್ ಒಬ್ಬರಿಗೆ, ಮೋಟಾರು ಇನ್ನೊಬ್ಬರಿಗೆ ಮಾರುತ್ತಾರೆ. ಉಳಿದ ಪೆಟ್ಟಿಗೆಗೆ ಹೊಚ್ಚ ಹೊಸ ಹಿತ್ತಾಳೆಯ ಕಹಳೆ ಏರಿಸಿ, ನಾಯಿಯ ಚಿತ್ರ ಅಂಟಿಸಿ, ನೂರು ವರ್ಷದ ಹಳೆಯದೆಂದು ಪ್ರವಾಸಿಗರ ಕೈಗಿಡುತ್ತಾರೆ. ನಮ್ಮ ದೇಶದ ಇಂಥ ನಕಲಿಗಳು ಹೊರದೇಶದ ಸಂಗ್ರಾಹಕರಲ್ಲೂ ಕುಖ್ಯಾತಿ ಪಡೆದಿವೆ. ಹೊಸದಾಗಿ ಮಾಡಿದ್ದನ್ನು ಹೊಸದೆಂದೇ ಹೇಳಿ ಮಾರಿದರೆ ನಮ್ಮದೇನೂ ಆಕ್ಷೇಪವಿಲ್ಲ. ಹೊಸ ಭಾಗ ಹಾಕಿಕೊಂಡು ಹಾಡುವ ಯಂತ್ರ, ಅಸಲು ಭಾಗವಿಟ್ಟುಕೊಂಡು ಮೂಕವಾಗಿರುವ ಯಂತ್ರಕ್ಕಿಂತ ಮೇಲು.

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಅಂದು ಅಂಗಡಿಯಲ್ಲಿ ಆ ಸೌಂಡ್‌ಬಾಕ್ಸಿನ ಪಕ್ಕದಲ್ಲೇ ಒಂದು ಗ್ರಾಮಾಫೋನು ಬಾಯಿ ತೆರೆದುಕೊಂಡು ಕೂತಿತ್ತು. ಅದರ ಕೊಳವೆಯ ತುದಿ ಬೋಳಾಗಿತ್ತು. ಯಾವುದರಿಂದ ಬಿಚ್ಚಿದ್ದೆಂದು ಕೇಳಬೇಕಾದ ಅಗತ್ಯವಿರಲಿಲ್ಲ. ಗೊತ್ತಿದ್ದೂ ಹಣ ಕೊಟ್ಟು ಬಂದೆವು. ಮನೆಗೆ ತಂದು ಹಾಕಿದರೆ ಅದೇ ಗೊರಗೊರ! ಕೊನೆಗೆ ಗಡಿಯಾರ ರಿಪೇರಿಯ ಹಿರಿಯರೊಬ್ಬರು ಎರಡನ್ನೂ ಬಿಚ್ಚಿ ತೋರಿಸಿದರು. ಪೊರೆಯನ್ನು ಹಿಡಿದಿಡುವ ರಬ್ಬರಿನ ಬಳೆಗಳು ಎರಡರಲ್ಲೂ ಕಲ್ಲಿನಂತೆ ಗಟ್ಟಿಯಾಗಿದ್ದವು. ಮೆತ್ತನೆಯ ಹೊಸ ಬಳೆ ಹಾಕಿದ್ದೇ ತಡ, ತಂದೆಯವರ ಸೌಂಡ್‌ಬಾಕ್ಸೇ ಬಾಯಿಬಿಟ್ಟಿತು. ಖರ್ಚಾದದ್ದು ಎರಡು ಊಟದ ಹಣ.

ಮೊದಲು ಹಾಕಿದ್ದು ಗಂಗೂಬಾಯಿ ಹಾನಗಲ್ಲರ ಪ್ಲೇಟು. 1930ರ ದಶಕದಲ್ಲಿ ಅವರು ಮುಂಬಯಿಗೆ ಬಂದು ‘ಗಾಂಧಾರಿ ಹುಬ್ಳಿ’ ಎಂಬ ಹೆಸರಿನಲ್ಲಿ ಹಿಸ್ ಮಾಸ್ಟರ್ಸ್ ವಾಯ್ಸ್‌ಗೆ ಹಾಡಿದ್ದರು. ಗಂಟಲಿನ ಚಿಕಿತ್ಸೆಯ ತರುವಾಯ ಗಡುಸಾದ ಅವರ ದನಿಯನ್ನೇ ನಾವೆಲ್ಲ ಬಲ್ಲೆವು. ಈ ಪ್ಲೇಟಿನಲ್ಲಿರುವುದು ಅದಕ್ಕೂ ಹಿಂದಿನ, ಎಳೆಯ, ಏರುದನಿ. ಹುಬ್ಬಳ್ಳಿ ಕಾಣದ ನಮ್ಮ ಮೊಮ್ಮಕ್ಕಳು ಕಿವಿಗೊಟ್ಟು ಕೂತದ್ದನ್ನು ಕಂಡಾಗ, ಆ ಡಬ್ಬಿಯ ಬೆಲೆ ಯಾವ ಅಂಗಡಿಯಲ್ಲೂ ಬರೆದಿಲ್ಲವೆನಿಸಿತು.

ವಾರ ಕಳೆದು, ಕೊಂಡ ಸೌಂಡ್‌ಬಾಕ್ಸನ್ನು ಅದರ ಯಂತ್ರಕ್ಕೇ ಹಿಂದಿರುಗಿಸೋಣವೆಂದು ಮತ್ತೆ ಅಂಗಡಿಗೆ ಹೋದೆವು. ಹಣವನ್ನೂ ಕೇಳಬೇಕೆಂದಿರಲಿಲ್ಲ. ಯಂತ್ರ ಅಲ್ಲಿರಲಿಲ್ಲ. ಮೋಟಾರು ಒಬ್ಬರಿಗೆ ಹೋಗಿತ್ತು, ಪೆಟ್ಟಿಗೆ ಮತ್ತೊಬ್ಬರಿಗೆ. ಯಾರದೋ ಮನೆಯವರು ಯಾವುದೋ ಊರಿನಿಂದ ತೊಡೆಯ ಮೇಲಿಟ್ಟುಕೊಂಡು ತಂದಿದ್ದಿರಬೇಕು. ಅದನ್ನು ಮೂಕವಾಗಿಸಿದ ಹಣದಲ್ಲಿ ನಮ್ಮ ಪಾಲೂ ಇದೆ.

ನಮ್ಮ ಸಂಘದ ಸದಸ್ಯರ ಮನೆಗಳ ಮಾಳಿಗೆಯಲ್ಲಿ ಇನ್ನೂ ಕೆಲವು ಪೆಟ್ಟಿಗೆಗಳು ಇದ್ದಾವು. ಬಿಡಿಭಾಗಕ್ಕೆ ದೊಡ್ಡ ಬೆಲೆ ಹೇಳುವವರು ಬಾಗಿಲಿಗೇ ಬಂದಾರು. ಮಾರಲೇಬೇಕಾಗಿ ಬಂದರೆ ಇಡಿಯಾಗಿ, ಹಾಡಿಸುವವರ ಕೈಗೇ ಕೊಡಿ. ಕೊಳ್ಳುವ ಮುನ್ನ ನಿಮ್ಮದನ್ನೇ ಒಮ್ಮೆ ಬಿಚ್ಚಿಸಿ ನೋಡಿ. ಕೆಟ್ಟಿರುವುದು ಒಂದು ರಬ್ಬರಿನ ಬಳೆಯಷ್ಟೇ ಇರಬಹುದು. ನಾವು ಕೊಂಡ ಸೌಂಡ್‌ಬಾಕ್ಸು ಹೊಸ ಬಳೆ ತೊಟ್ಟು ಮೇಜಿನ ಖಾನೆಯಲ್ಲಿದೆ. ಅದಿಲ್ಲದೆ ಮೂಕವಾಗಿರುವ ಯಂತ್ರ ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿರಿ. ಬೆಲೆಯ ಮಾತು ಬೇಡ, ಒಂದು ಹಾಡು ಕೇಳಿಸಿದರೆ ಸಾಕು.